ಎರಡನೆಯ ಸೂಗಮ್ಮ

ಜೂನ್ 2, 2025, ಸೋಮವಾರ

ಕನಕರಾಯ ಸರ್ ಕೊಟ್ಟ ಪಟ್ಟಿಯಿಂದ ಇವತ್ತು ಮೂರು ಕಾಲಂ ಅಳಿಸಿದೆ. ಅಡ್ಡಹೆಸರು, ತಂದೆ ಅಥವಾ ಗಂಡನ ಹೆಸರು, ಊರು. ಅಡ್ಡಹೆಸರು ಜಾತಿ ಹೇಳುತ್ತದೆ. ತಂದೆ-ಗಂಡಂದಿರ ಹೆಸರು ಹೆಣ್ಣು ಯಾರ ಸೊತ್ತು ಎಂದು ಹೇಳುತ್ತದೆ. ಊರು ಕೇಳಿದವರು ಮುಂದೆ ಯಾವ ಓಣಿ ಎಂದು ಕೇಳುತ್ತಾರೆ, ಅಲ್ಲಿಗೆ ಎಲ್ಲ ತಿಳಿದಂತೆಯೇ. ಉಳಿದದ್ದು ಬರೀ ಹೆಸರು. ಎಂಬತ್ತಾರು ಹೆಂಗಸರು, ಎಂಬತ್ತಾರು ಹೆಸರು, ಯಾರೂ ಮೇಲಲ್ಲ, ಯಾರೂ ಕೆಳಗಲ್ಲ. ಸ್ಟೇಷನ್ ರಸ್ತೆಯ ತಳ್ಳುಗಾಡಿಯಲ್ಲಿ ಹತ್ತು ರೂಪಾಯಿಗೊಂದರಂತೆ ಕೊಂಡು ಓದಿದ ಪುಸ್ತಿಕೆಗಳ ಮಾತನ್ನು ಮೊದಲ ಸಲ ನನ್ನ ಕೈಯಾರೆ ಜಾರಿಗೆ ತಂದೆ.

ಕೆಲಸ ಇಷ್ಟೇ. ನಮ್ಮ ಓದುಕೇಂದ್ರಕ್ಕೆ ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಒಂದೊಂದು ಕೋಣೆ ಇದೆ. ಕೋಣೆಗೊಂದು ದಾನದ ಹಳೇ ಕಂಪ್ಯೂಟರು. ಕಲಿಯಲು ಬರುವ ಪ್ರತಿ ಹೆಂಗಸಿಗೂ ಮೂರರಲ್ಲೂ ಅವಳದೇ ಯೂಸರ್ ಖಾತೆ, ಅವಳದೇ ಫೋಲ್ಡರ್ ಇರಬೇಕು. ಯಾವ ಊರಿನ ಕೋಣೆಗೆ ಹೋದರೂ ಅವಳು ಬರೆದದ್ದು ಅವಳಿಗೆ ಸಿಗಬೇಕು. ಕನಕರಾಯ ಸರ್ ನಿವೃತ್ತ ಗಣಿತ ಮೇಷ್ಟ್ರು, ಕೇಂದ್ರ ನಡೆಸುವವರು. ಅವರು ಹೇಳಿದ್ದು: “ಮೂರೂ ಊರಾಗ ಕೈಲೆ ಕುಟ್ಟಿಕೋತ ಕುಂದ್ರಬ್ಯಾಡ ಮೌನೇಶ್ವರಿ. ಒಂದ ಸ್ಕ್ರಿಪ್ಟ್ ಬರಿ, ಎಲ್ಲಾ ಆದೇಶಾ ಒಂದ ಕಡತದಾಗ. ಅದ ಮೂರೂ ಕಡಿ ಓಡಬೇಕು ನೋಡು.”

ಅಳಿಸಿದ ಕಾಲಂ ಬಗ್ಗೆ ಅವರಿಗೆ ಹೇಳಿಲ್ಲ. ಹೇಳಿದರೆ ಚರ್ಚೆಯಾಗುತ್ತದೆ. ಸರಿಯಾದದ್ದಕ್ಕೆ ಚರ್ಚೆ ಯಾಕೆ.

ಜೂನ್ 4, ಬುಧವಾರ

ರಾಯಚೂರಿನ ಕಂಪ್ಯೂಟರಿನಲ್ಲಿ ಯೂಸರ್‌ಗಳ ಹೆಸರಿರುವ ಕಡತ ತೆರೆದೆ. ನಾನೊಬ್ಬಳೇ ಇರುತ್ತೇನೆ ಎಂದುಕೊಂಡಿದ್ದೆ. ನಲವತ್ತೊಂದು ಸಾಲು. ಅಂಚೆ ಸಾಗಿಸುವವನೊಬ್ಬ, ಮುದ್ರಣ ನೋಡುವವನೊಬ್ಬ, ಗಡಿಯಾರ ತಿದ್ದುವವನೊಬ್ಬ. ಒಬ್ಬನ ಹೆಸರೇ ‘ಯಾರೂ ಅಲ್ಲ’. ಇವರ‍್ಯಾರೂ ಮನುಷ್ಯರಲ್ಲ, ಸಿಸ್ಟಮ್ ಯೂಸರ್‌ಗಳು. ಯಂತ್ರದ ಒಂದೊಂದು ಕೆಲಸಕ್ಕೆ ಒಂದೊಂದು ಹೆಸರು. ಮನುಷ್ಯರ ಸಂಖ್ಯೆ ಸಾವಿರದಿಂದ ಶುರು, ಇವರದ್ದು ಅದಕ್ಕಿಂತ ಕೆಳಗೆ. ಸಾಲಿನ ಕೊನೆಯಲ್ಲಿ nologin ಎಂದಿದೆ. ಅಂದರೆ ದುಡಿಯಬಹುದು, ಬಾಗಿಲಿಂದ ಒಳಗೆ ಬರುವಂತಿಲ್ಲ. ಇದನ್ನು ಬರೆದವರು ಯಾವ ಊರಿನ ಗೌಡರೋ.

ಇನ್ನೊಂದು. ಗ್ರೂಪ್ ಇಲ್ಲದೆ ಯೂಸರನ್ನು ಹುಟ್ಟಿಸಲು ಈ ಯಂತ್ರ ಒಪ್ಪುವುದೇ ಇಲ್ಲ. ಇದಕ್ಕೂ ಜಾತಿ ಪ್ರಮಾಣಪತ್ರ ಬೇಕು. ನಾನು ಒಂದೇ ಗ್ರೂಪ್ ಮಾಡುತ್ತೇನೆ, ಹೆಸರು ‘ಎಲ್ಲರೂ’. ಎರಡನೆಯದು ಇರುವುದಿಲ್ಲ.

ಸಿಟ್ಟು ಬಂದರೂ ಆ ಕಡತವನ್ನು ಮುಚ್ಚಲು ಮನಸ್ಸಾಗಲಿಲ್ಲ. ನಲವತ್ತೊಂದು ಸಾಲನ್ನೂ ಓದಿದೆ, ಯಾರು ಏನು ಮಾಡುತ್ತಾರೆ ಎಂದು ಒಂದೊಂದಾಗಿ ಹುಡುಕಿದೆ. ಹನ್ನೊಂದು ಇನ್ನೂ ಗೊತ್ತಾಗಿಲ್ಲ.

ಜೂನ್ 6, ಶುಕ್ರವಾರ

ದೇವದುರ್ಗಕ್ಕೆ ಹೋಗಿದ್ದೆ. ಗಬ್ಬೂರಿನವರೆಗೆ ನಿಂತೇ ಪ್ರಯಾಣ.

ರಾಯಚೂರಿನಲ್ಲಿ adduser ಎಂದು ಹೊಡೆದರೆ ಅದು ಪ್ರಶ್ನೆಗಳನ್ನು ಕೇಳುತ್ತದೆ: ಪೂರ್ತಿ ಹೆಸರೇನು, ಕೋಣೆ ಸಂಖ್ಯೆ ಏನು, ಮನೆಯ ಫೋನ್ ಯಾವುದು. ದೇವದುರ್ಗದ ಕಂಪ್ಯೂಟರಿನಲ್ಲೂ adduser ಇದೆ, ಆದರೆ ಒಂದು ಮಾತೂ ಕೇಳದೆ ಯೂಸರನ್ನು ಹುಟ್ಟಿಸಿ ಸುಮ್ಮನಾಯಿತು. ಆದೇಶ ಒಂದೇ, ನಡತೆ ಬೇರೆ. ನಾನು ತಲೆ ಕೆರೆದುಕೊಳ್ಳುತ್ತಿದ್ದುದನ್ನು ಇಲ್ಲಿನ ಕೋಣೆ ನೋಡಿಕೊಳ್ಳುವ ಗುಲ್ನಾಜ್ ನೋಡಿ ನಕ್ಕಳು.

“ದೇವದುರ್ಗದ ಮಂದಿ ಹಂಗ ಬೇ, ಬಂದೋರ ಕೆಲಸಾ ಮಾಡಿ ಕಳಸ್ತೀವಿ. ನಿಮ್ಮ ರಾಯಚೂರಾಗ ಮೊದಲ ಅರ್ಜಿ ತುಂಬಸ್ತಾರ.”

“ಕೇಳದ ಮಾಡೂದ ಛಲೋ ಬಿಡು,” ಅಂದೆ.

“ಎಲ್ಲಾದಕ್ಕೂ ಅಲ್ಲ. ನಮ್ಮ ಅಬ್ಬಾ ಕೇಳದ ನನ್ನ ಲಗ್ನ ಮಾಡಾಕ ಹೋಗಿದ್ದ.”

ಜೂನ್ 9, ಸೋಮವಾರ

ಮಾನ್ವಿಯಲ್ಲಿ ಸ್ಕ್ರಿಪ್ಟ್ ಮೊದಲ ಸಾಲಿನಲ್ಲೇ ಬಿತ್ತು. ಇಲ್ಲಿನ ಕಂಪ್ಯೂಟರು ತೀರಾ ಹಳೆಯದು, ಅದಕ್ಕೆ ಪುಟ್ಟ ವ್ಯವಸ್ಥೆಯನ್ನು ಹಾಕಿದ್ದಾರೆ. ಆದೇಶಗಳನ್ನು ಓದಿ ನಡೆಸಲು ನಾನು bash ಬೇಕೆಂದು ಬರೆದಿದ್ದೆ, ಅದು ಇಲ್ಲಿಲ್ಲ. ಯೂಸರನ್ನು ಸೇರಿಸುವ useradd ಆದೇಶ ಕೂಡ ಇಲ್ಲ. ರಾಯಚೂರಿನಲ್ಲಿ ಇದ್ದದ್ದು ಎಲ್ಲ ಕಡೆಯೂ ಇರುತ್ತದೆ ಎಂದುಕೊಂಡಿದ್ದೆ.

ಈಗ ತಿಳಿಯಿತು. ಎಲ್ಲ ಕಡೆ ಓಡಬೇಕಾದ ಸ್ಕ್ರಿಪ್ಟ್ ಮೊದಲು ವಿಚಾರಿಸಬೇಕು. ನಿನ್ನಲ್ಲಿ useradd ಇದೆಯೇ? ಇಲ್ಲವಾದರೆ adduser ಇದೆಯೇ? ಈ ಗ್ರೂಪ್ ಮೊದಲೇ ಇದೆಯೇ? ಸಿಕ್ಕ ಉತ್ತರದ ಪ್ರಕಾರ ಮುಂದಿನ ಹೆಜ್ಜೆ. ಒಂದು ಯಂತ್ರಕ್ಕೆ ಇಷ್ಟು ಮರ್ಯಾದೆ ಕೊಡಬೇಕಾಗುತ್ತದೆ ಎಂದು ಗೊತ್ತಿರಲಿಲ್ಲ. ಕೆಲಸ ಚಂದ ಅನ್ನಿಸಿತು.

ಕೋಣೆಯಲ್ಲಿ ಒಬ್ಬಾಕೆ ಟೈಪಿಂಗ್ ಕಲಿಯುತ್ತಿದ್ದರು. ಸೂಗಮ್ಮ, ಅಕ್ಕಿ ಮಿಲ್ಲಿನ ವಿರೂಪಣ್ಣನವರ ಸೊಸೆ. ಎರಡೂ ಕೈಗೆ ಚಿನ್ನದ ಬಳೆ, ಕೀಲಿ ಒತ್ತಿದಾಗೆಲ್ಲ ಸದ್ದು. ಮಿಲ್ಲಿನ ಮನೆಯ ಹೆಣ್ಣೂ ಆ ಮನೆಯ ಕೂಲಿಯೇ ಎಂದು ಅವರಿಗೆ ಹದಿನೈದು ನಿಮಿಷ ತಿಳಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಭಾಳ ಓದೀ ಯವ್ವಾ,” ಅಂದರು. “ನನಗ ಒಂದ ಮಾತೂ ಕೇಳ್ಲಿಲ್ಲ, ಎಲ್ಲಾ ನೀನ ಹೇಳಿದಿ.”

ಅವರಿಗೆ ಅರ್ಥವಾಗಲಿಲ್ಲ ಎಂದು ಕಾಣುತ್ತದೆ.

ಜೂನ್ 12, ಗುರುವಾರ

ಒಂದು ಕೋಣೆಯಲ್ಲಿ ಬರೆದದ್ದನ್ನು ಉಳಿದ ಎರಡು ಕೋಣೆಗಳಿಗೆ ಸಾಗಿಸಲು ಒಬ್ಬ ಸಿಸ್ಟಮ್ ಯೂಸರ್ ಬೇಕು. ಹೆಸರು ‘ಹಮಾಲಿ’ ಎಂದಿಟ್ಟೆ. ನಮ್ಮಪ್ಪ ರಾಯಚೂರು ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಇಪ್ಪತ್ತೆಂಟು ವರ್ಷದಿಂದ ಮೂಟೆ ಹೊರುವ ಹಮಾಲಿ. ಈ ಹಮಾಲಿಗಾದರೂ ನಾನು ಬಾಗಿಲು ತೆರೆದಿಡುತ್ತೇನೆ, nologin ಹಾಕುವುದಿಲ್ಲ ಎಂದು ತೀರ್ಮಾನಿಸಿದೆ. ಊಟಕ್ಕೆ ಕೂತಾಗ ಅಪ್ಪನಿಗೆ ಹೆಮ್ಮೆಯಿಂದ ಹೇಳಿದೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

“ಅವನ ಕೈಯಾಗ ಬೀಗದ ಕೈ ಕೊಡಾಕತ್ತೀಯೇನು?”

“ಹೌದಪ್ಪಾ. ಯಾಕ ಕೊಡಬಾರದು? ಹೊರೂದು ಅಷ್ಟ ಅವನ ಹಣೇಬರಾ ಏನು?”

“ಗಂಜಿನ ಸಾವಕಾರ ಗೋದಾಮಿನ ಕೈ ಇಟ್ಕೋ ಮೌನಪ್ಪ ಅಂತ ಎಷ್ಟ ಸಲ ಅಂದಾನ. ನಾ ಒಲ್ಲೆ ಅಂದೀನಿ. ಮಾಲು ಕಳದ್ರ ಮೊದಲ ಯಾರನ್ನ ಹಿಡೀತಾರ? ಹೊತ್ತವನ್ನ. ಕೈ ನನ್ನ ಹತ್ರ ಇಲ್ಲ ಅಂತ ಊರಿಗೆಲ್ಲಾ ಗೊತ್ತಿರಬೇಕು. ಅದ ನನಗ ಕಾವಲು.”

ನಾನು ವಾದಿಸಿದೆ. ಅವನು ಇನ್ನೊಂದು ರೊಟ್ಟಿ ಕೇಳಿದ. ಆಮೇಲೆ ಹುಡುಕಿ ಓದಿದೆ: ಹೊರಗಿನ ಕಳ್ಳನೊಬ್ಬ ಇಂಥ ಯೂಸರಿನ ಹೆಸರಿನಲ್ಲಿ ಒಳನುಗ್ಗಬಾರದು ಎಂದೇ ಆ ಬಾಗಿಲನ್ನು ಮುಚ್ಚಿರುತ್ತಾರೆ.

nologin ಹಾಕಿದೆ. ಅಪ್ಪನಿಗೆ ಹೇಳಿಲ್ಲ.

ಜೂನ್ 16, ಸೋಮವಾರ

ಓಡಿತು. ಮೂರೂ ಊರಿನಲ್ಲಿ ಒಂದೇ ಸ್ಕ್ರಿಪ್ಟ್, ಒಂದಕ್ಷರವೂ ಬದಲಿಲ್ಲ. ಎರಡನೇ ಸಲ ಓಡಿಸಿದರೂ ಏನೂ ಕೆಡುವುದಿಲ್ಲ: ಹೆಸರು ಆಗಲೇ ಇದ್ದರೆ ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಕೊನೆಯಲ್ಲಿ ಲೆಕ್ಕ ಹೇಳಿತು. ಹುಟ್ಟಿದವರು ಎಂಬತ್ತೈದು, ಮೊದಲೇ ಇದ್ದವರು ಒಬ್ಬರು. ಸರ್ ಪಟ್ಟಿಯಲ್ಲಿ ಯಾವುದೋ ಒಂದು ಹೆಸರನ್ನು ಎರಡು ಸಲ ಬರೆದಿದ್ದಾರೆ. ವಯಸ್ಸಾಯಿತು ಪಾಪ.

ಪ್ರತಿಯೊಬ್ಬರೂ ತಮ್ಮ ಊರಿನ ಕೋಣೆಗೆ ಬಂದ ಮೊದಲ ದಿನ ಅಲ್ಲಿ ತಮ್ಮ ಪಾಸ್‌ವರ್ಡ್ ತಾವೇ ಇಟ್ಟುಕೊಳ್ಳುತ್ತಾರೆ. ನನಗೂ ಅದು ಗೊತ್ತಾಗುವುದಿಲ್ಲ.

ಗುಲ್ನಾಜಳಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ. ಅವಳು “ಹೂಂ, ಹೂಂ” ಎನ್ನುತ್ತಾ ಪಾತ್ರೆ ತೊಳೆಯುತ್ತಿದ್ದಳು.

ಜೂನ್ 19, ಗುರುವಾರ

ದೇವದುರ್ಗದ ಕೋಣೆಗೆ ಅರಕೇರಾ ಕಡೆಯಿಂದ ಒಬ್ಬ ಹೆಂಗಸು ಬರುತ್ತಿದ್ದಾರೆ. ಎಲ್ಲರೂ ಸೂಗವ್ವ ಎನ್ನುತ್ತಾರೆ. ನಮ್ಮ ಜನ. ಹತ್ತಿ ಬಿಡಿಸಿ ಬೆರಳು ಸೀಳಿವೆ, ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತುತ್ತಾರೆ. ಅವರ ಊರಿನಲ್ಲಿ ಬಸ್ ನಿಲ್ಲುವುದಿಲ್ಲ. ಕ್ರಾಸಿನಿಂದ ಎರಡು ಕಿಲೋಮೀಟರ್ ನಡೆಯಬೇಕು. ಆ ದಾರಿಯ ಕಾರಣಕ್ಕೆ ಒಂಬತ್ತು ಹುಡುಗಿಯರು ಕಾಲೇಜು ಬಿಟ್ಟಿದ್ದಾರೆ. ದಾರಿಯಲ್ಲಿ ಯಾರು ಅಡ್ಡ ಬಂದರು, ಏನು ಅಂದರು, ಏನು ಮಾಡಿದರು ಎಂಬುದನ್ನು ಒಬ್ಬೊಬ್ಬಳೂ ಸೂಗವ್ವನಿಗೆ ಮಾತ್ರ ಹೇಳಿದ್ದಾಳೆ. ತಾಯಂದಿರಿಗೂ ಹೇಳಿಲ್ಲ. ಸೂಗವ್ವ ಅದನ್ನೆಲ್ಲ ಹೆಸರಿನ ಸಮೇತ ಬರೆದಿಟ್ಟು, ಆಮೇಲೆ ಹೆಸರು ತೆಗೆದ ಅರ್ಜಿಯೊಂದನ್ನು ತಯಾರಿಸಿ, ಜುಲೈ ಏಳರ ಅಹವಾಲು ಸಭೆಯಲ್ಲಿ ಊರಿಗೊಂದು ಬಸ್ ನಿಲುಗಡೆ ಕೇಳಬೇಕೆಂದಿದ್ದಾರೆ.

“ಇದು ಹೊರಗ ಹೋದ್ರ ಆ ಹುಡುಗ್ಯಾರ ಲಗ್ನ ಮಾಡಿ ಕಳಸ್ತಾರ ಅಷ್ಟ,” ಅಂದರು. “ಈ ಡಬ್ಬಿ ನಂಬಬಹುದೇನು?”

“ನಿಮ್ಮ ಹೊರತು ಯಾರೂ ತೆಗಿಯಾಕ ಬರಂಗಿಲ್ರಿ. ನನ್ನ ಮಾತದು.”

“ನಿನ್ನ ಮಾತೋ, ಡಬ್ಬಿ ಮಾತೋ?”

“ಎರಡೂ ಒಂದ.”

ಜೂನ್ 24, ಮಂಗಳವಾರ

ತಿಳಿಯದೆ ಉಳಿದಿದ್ದ ಹನ್ನೊಂದರಲ್ಲಿ ಏಳು ಸಿಸ್ಟಮ್ ಯೂಸರ್‌ಗಳ ಕೆಲಸ ತಿಳಿಯಿತು. ಒಬ್ಬ ಬರೀ ಆಟಗಳ ಅಂಕ ಕಾಯುತ್ತಾನೆ. ಸೂಗವ್ವ ನಾಲ್ಕನೇ ಪುಟಕ್ಕೆ ಬಂದಿದ್ದಾರಂತೆ.

ಜೂನ್ 27, ಶುಕ್ರವಾರ

ಮಾನ್ವಿಯಿಂದ ಮಿಲ್ಲಿನ ಸೂಗಮ್ಮ ಫೋನ್ ಮಾಡಿದ್ದರು. “ನನ್ನ ಫೋಲ್ಡರಿನ್ಯಾಗ ನಾ ಬರೀದ ಕಾಗದ ಬಂದು ಕುಂತದ ನೋಡು ಯವ್ವಾ.”

ಪಟ್ಟಿ ತೆಗೆದು ನೋಡಿದೆ. ಇಪ್ಪತ್ತೆರಡನೇ ಸಾಲು ಸೂಗಮ್ಮ. ಅರವತ್ತನೇ ಸಾಲು ಸೂಗಮ್ಮ. ದೇವದುರ್ಗದ ಸೂಗವ್ವನ ಹೆಸರೂ ಪಟ್ಟಿಯಲ್ಲಿ ಸೂಗಮ್ಮ.

ಸರ್ ಎರಡು ಸಲ ಬರೆದಿರಲಿಲ್ಲ. ದೇವಸೂಗೂರಿನ ಸೂಗೂರೇಶ ದೇವರ ಹೆಸರನ್ನು ಮನೆಗೊಬ್ಬರಿಗೆ ಇಡುವ ಜಿಲ್ಲೆ ಇದು. ಪಟ್ಟಿಯಲ್ಲಿ ಇಬ್ಬರೂ ಬೇರೆ ಬೇರೆಯಾಗಿದ್ದದ್ದು ನಾನು ಅಳಿಸಿದ ಮೂರು ಕಾಲಂಗಳಿಂದ. ಎರಡನೆಯ ಸೂಗಮ್ಮ ಬಂದಾಗ ಸ್ಕ್ರಿಪ್ಟ್ ಮೊದಲೇ ಇದ್ದಾಳೆ ಎಂದು ಬಿಟ್ಟು ಮುಂದೆ ಹೋಯಿತು. ಇಬ್ಬರಿಗೂ ಒಂದೇ ಫೋಲ್ಡರ್. ದೇವದುರ್ಗದಲ್ಲಿ ಒಬ್ಬಾಕೆ ಬರೆದದ್ದನ್ನು ಹಮಾಲಿ ಹೊತ್ತು ಮಾನ್ವಿಯ ಇನ್ನೊಬ್ಬಾಕೆಯ ಮುಂದೆ ಇಳಿಸಿದ. ಅವನ ತಪ್ಪಿಲ್ಲ.

ಆ ಹೆಸರಿನ ಖಾತೆಯನ್ನು ಮೂರೂ ಕಡೆ ಮುಚ್ಚಿದೆ.

ಜೂನ್ 28, ಶನಿವಾರ

ಮಾನ್ವಿ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಸಿದ್ಧಮಾಡಿಕೊಂಡಿದ್ದೆ. ಮಿಲ್ಲಿನವರ ಮನೆ, ದುಡ್ಡಿನವರು, ಮಾತು ಗಂಡಸರ ಕಿವಿಗೆ ಬಿದ್ದಿರುತ್ತದೆ, ಹೆದರಿಸಬೇಕು ಅಂತ.

ಕೋಣೆಯಲ್ಲಿ ಸೂಗಮ್ಮ ಒಬ್ಬರೇ ಕಾದಿದ್ದರು.

“ಓದೀರೇನ್ರಿ?” ಅಂದೆ.

“ಓದೀನಿ. ಒಂದನೇ ಪುಟ ಯಾರದಂತ ತಿಳೀದ ಓದಿದೆ. ಎರಡನೇದು ತಿಳದ ಮ್ಯಾಗೂ ಓದಿದೆ. ಬಿಡಬೇಕಿತ್ತು, ಬಿಡಲಿಲ್ಲ.”

“ಮನಿಯಾಗ ಹೇಳೀರೇನು?”

“ಇಲ್ಲ. ನಮ್ಮ ಮನಿಯವ್ರು ಏನ್ ಕಲತಿ ಅಂತ ಕೇಳಿದ್ರ ಅಆಇಈ ಅಂತೀನಿ.” ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡರು. “ನಾ ಚಂದ್ರಬಂಡದಾಕಿ. ಹತ್ತನೇತ್ತ ನಡುವ ಸಾಲಿ ಬಿಟ್ಟೆ. ಯಾಕ ಬಿಟ್ಟಿ ಅಂತ ಇಪ್ಪತ್ತು ವರ್ಷದಾಗ ಒಬ್ರೂ ಕೇಳಿಲ್ಲ.”

ಸಿದ್ಧಮಾಡಿಕೊಂಡಿದ್ದ ಮಾತು ಯಾವುದೂ ಇದಕ್ಕೆ ಹೊಂದಲಿಲ್ಲ. ಯಾಕೆ ಬಿಟ್ಟಿರಿ ಎಂದು ಕೇಳಿದೆ. ಅವರು ಹೇಳಿದರು. ಐದು ಗಂಟೆಯ ಬಸ್ಸೂ ಹೋಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಜೂನ್ 30, ಸೋಮವಾರ

ಸೂಗವ್ವನಿಗೆ ಎಲ್ಲ ಹೇಳಿದೆ. ಗುಲ್ನಾಜ್ ತಂದಿಟ್ಟ ಚಹಾ ಆರಿತು. ಸೂಗವ್ವ ಬಯ್ಯುತ್ತಾರೆ ಎಂದುಕೊಂಡಿದ್ದೆ, ಬಯ್ದಿದ್ದರೆ ಚೆನ್ನಾಗಿತ್ತು.

“ಅಷ್ಟೂ ಕಾಲಂ ಯಾಕ ತಗದಿ?”

“ಜಾತಿ ಗೊತ್ತಾಗಬಾರದಂತ.”

“ಊರಿನ ಹೆಸರು?”

“ಅದೂ ಅದಕ್ಕ.”

“ನಮ್ಮೂರಿನ ಹೆಸರು ನಂದು. ಆ ಊರಾಗ ಬಸ್ ನಿಂದ್ರಲಿ ಅಂತ ಬಡಕೊಳ್ಳಾಕತ್ತೀನಿ, ನೀ ಊರ‍ನ ಒರಸಿದಿ.” ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿ ಹೇಳಿದರು: “ನನಗೊಂದ ಮಾತು ಕೇಳಿದ್ರ ಏನಾಕ್ಕಿತ್ತು ಬೇ? ಇಲ್ಲೇ ಕುಂತಿದ್ನೆಲ್ಲ.”

ಹುಡುಗಿಯರಿಗೆ ಹೇಳದೆ ಇನ್ನೊಂದಕ್ಷರ ಬರೆಯುವುದಿಲ್ಲ ಎಂದು ಎದ್ದರು. ಸಭೆಗೆ ಉಳಿದದ್ದು ಒಂದು ವಾರ. ಅವರ ಹಿಂದೆಯೇ ಹೋಗಿ, ನಾನೂ ಬರಲೇ ಎಂದು ಕೇಳಿದೆ.

“ಬಾ. ಆದ್ರ ಭಾಷಣಾ ಮಾಡಬ್ಯಾಡ.”

ಜುಲೈ 2, ಬುಧವಾರ

ಒಂಬತ್ತು ಮನೆ. ಒಬ್ಬೊಬ್ಬಳನ್ನೂ ಬೇರೆ ಬೇರೆಯಾಗಿ, ಹೊಲದ ಬದುವಿನಲ್ಲಿ, ನೀರಿನ ಟಾಕಿಯ ಹಿಂದೆ, ಹಿತ್ತಲಿನಲ್ಲಿ ಕಂಡೆವು. ನಡೆದದ್ದು ಹೀಗೆ, ತಪ್ಪು ನನ್ನದು, ಮಾನ್ವಿಯ ಒಬ್ಬಾಕೆ ಓದಿದ್ದಾರೆ ಎಂದು ನಾನೇ ಹೇಳಿದೆ. ಒಬ್ಬಳು ಎದ್ದು ಹೋದಳು. ಒಬ್ಬಳು ಅತ್ತಳು. ಒಬ್ಬಳು ಕೇಳಿದಳು, “ಓದಿ ಆಕಿ ಏನಂದ್ಲು?”

“ನಿಮ್ಮ ಜೋಡಿ ಸಭಾಕ್ಕ ಬರ‍್ತೀನಿ, ಹುಡುಗ್ಯಾರು ಹೂಂ ಅಂದ್ರ ಅಷ್ಟ, ಅಂದ್ರು.”

“ಮಿಲ್ಲಿನಾಕಿ?”

“ಹೂಂ.”

“ಬಸ್ಸಿನ್ಯಾಗ?”

ಆ ಮಾತಿಗೆ ಸೂಗವ್ವ ನಕ್ಕುಬಿಟ್ಟರು.

ಏಳು ಜನ ಒಪ್ಪಿದರು. ಇಬ್ಬರು ತಮ್ಮದನ್ನು ತೆಗೆಯಲು ಹೇಳಿದರು. ಮೊದಲಿನ ನಾನಾಗಿದ್ದರೆ ಆ ಇಬ್ಬರಿಗೆ ಏನಾದರೂ ತಿಳಿಸಿ ಹೇಳುತ್ತಿದ್ದೆನೇನೋ. ಬಿಸಿಲು ಬಹಳ ಇತ್ತು.

ಜುಲೈ 5, ಶನಿವಾರ

ಸ್ಕ್ರಿಪ್ಟ್ ತಿದ್ದಿದೆ. ಹೆಸರು ಮೊದಲೇ ಇದ್ದರೆ ಈಗ ಅದು ಬಿಟ್ಟು ಹೋಗುವುದಿಲ್ಲ, ನಿಲ್ಲುತ್ತದೆ. ಇವರು ಅವರೇನಾ, ಬೇರೆಯವರಾ ಎಂದು ಕೇಳುತ್ತದೆ. ಉತ್ತರ ಬರುವವರೆಗೆ ಮುಂದಕ್ಕೆ ಕದಲುವುದಿಲ್ಲ. ಒಂದು ಗುಂಡಿ ಒತ್ತಿದರೆ ಎಲ್ಲವೂ ತಾನೇ ಆಗುತ್ತದೆ ಎಂಬ ಹೆಮ್ಮೆ ಹೋಯಿತು.

ಕಾಲಂಗಳ ಬಗ್ಗೆ ಎಂಬತ್ತಾರು ಜನರಿಗೂ ಫೋನ್ ಮಾಡುತ್ತಿದ್ದೇನೆ, ಯಾವ ಹೆಸರಿನಿಂದ ಒಳಗೆ ಬರುತ್ತೀರಿ ಎಂದು. ಐವತ್ತು ಮುಗಿದಿವೆ. ಹದಿನೆಂಟು ಜನ ತವರೂರಿನ ಹೆಸರು ಸೇರಿಸಿದರು. ಗಂಡನ ಹೆಸರು ಬೇಕೆಂದವರು ಮೂವರು. ಒಬ್ಬಾಕೆ ತನ್ನ ಎಮ್ಮೆಯ ಹೆಸರಿಟ್ಟುಕೊಂಡಿದ್ದಾಳೆ, ಅದು ಕಂಪ್ಯೂಟರಿಗೆ ಒಪ್ಪಿಗೆಯಾಯಿತು. ಕನಕರಾಯ ಸರ್‌ಗೂ ಹೇಳಿದೆ. “ಎಂಬತ್ತೈದು ಬಂದಾಗ ಎಂಬತ್ತಾರು ಎಲ್ಲಿ ಹೋತು ಅಂತ ಹುಡುಕಬೇಕಿತ್ತು,” ಅಂದರಷ್ಟೇ. ಕ್ಷಮೆ ಕೇಳಿದೆ, ವಯಸ್ಸಾಯಿತೆಂದು ಬರೆದದ್ದಕ್ಕೂ ಸೇರಿಸಿ. ಅದು ಅವರಿಗೆ ಗೊತ್ತಿಲ್ಲ.

ಸೂಗವ್ವನ ಕಡತ ಇನ್ನು ದೇವದುರ್ಗದಲ್ಲೇ ಇರುತ್ತದೆ, ಹಮಾಲಿ ಅದನ್ನು ಹೊರುವುದಿಲ್ಲ. ಅದಕ್ಕಾಗಿ ಒಂದು ಗ್ರೂಪ್ ಮಾಡಿದೆ. ಒಳಗೆ ಇಬ್ಬರೇ, ಸೂಗವ್ವ ಮತ್ತು ಮಾನ್ವಿಯ ಸೂಗಮ್ಮ. ಏಳು ಹುಡುಗಿಯರು ಹೂಂ ಎಂದ ಮೇಲೆ ಮಾಡಿದ್ದು. ಮೇಲೆ ಸೂಗವ್ವ ಕಡತಕ್ಕೇ ಒಂದು ಪಾಸ್‌ವರ್ಡ್ ಹಾಕಿದ್ದಾರೆ, ‘ಎಲ್ಲರೂ’ ಗ್ರೂಪಿನಲ್ಲಿರುವ ನನಗೂ ಅದು ತೆರೆಯುವುದಿಲ್ಲ.

ಜುಲೈ 7, ಸೋಮವಾರ

ಅಹವಾಲು ಸಭೆ. ಮಾನ್ವಿಯ ಸೂಗಮ್ಮ ಬಸ್ಸಿನಲ್ಲೇ ಬಂದರು, ಹೆಂಗಸರಿಗೆ ಪುಕ್ಕಟೆ ಕೊಡುವ ಸೊನ್ನೆ ರೂಪಾಯಿ ಟಿಕೆಟನ್ನು ಮಡಚಿ ಬಳೆಯೊಳಗೆ ಸಿಕ್ಕಿಸಿಕೊಂಡಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಮೊದಲ ಸಲ ನೋಡಿದರು.

“ನನ್ನ ಕಾಗದ ಓದಿದಾಕಿ ನೀನ ಏನು?” ಸೂಗವ್ವ ಕೇಳಿದರು.

“ನಾನ ಅಕ್ಕಾ. ಬೈಯಿ.”

“ತಪ್ಪು ಎಷ್ಟ ಇದ್ದವು?”

“ಒತ್ತು ಭಾಳ ಕಡಿ ಬಿಟ್ಟೀ.”

ಅರ್ಜಿಯ ಕೊನೆಗೆ ಇಬ್ಬರೂ ಸಹಿ ಹಾಕಿದರು. ಮೇಜಿನ ಹಿಂದಿದ್ದ ಗುಮಾಸ್ತ ಓದಿ ನೋಡಿದ.

“ಏನ್ರಿ ಇದು, ಸೂಗಮ್ಮ, ಸೂಗಮ್ಮ. ಎರಡ ಸಲ ಸಹಿ ಮಾಡೀರಿ. ಒಂದ ಹೊಡೀತೀನಿ,” ಎಂದು ಪೆನ್ನಿನ ಮುಚ್ಚಳ ತೆಗೆದ.

ನನ್ನ ಬಾಯಿ ತೆರೆಯಿತು. ಅಷ್ಟರಲ್ಲಿ ಸೂಗವ್ವ ಆ ಕಾಗದದ ಮೇಲೆ ಅಂಗೈ ಇಟ್ಟಿದ್ದರು.

“ಕೇಳ್ರಿ ಮೊದಲ,” ಅಂದರು. “ಇಲ್ಲೇ ನಿಂತೀವಿ, ಇಬ್ರೂ.”

ಗುಮಾಸ್ತ ತಲೆ ಎತ್ತಿ ನೋಡಿದ, ಪೆನ್ನನ್ನು ಅವರಿಗೇ ಕೊಟ್ಟ. ಸೂಗವ್ವ ತನ್ನ ಸಹಿಯ ಪಕ್ಕ ಊರಿನ ಹೆಸರನ್ನು ಬರೆದರು, ದೊಡ್ಡದಾಗಿ. ಆಮೇಲೆ ಸೂಗಮ್ಮ ಮಾನ್ವಿ ಎಂದು ಬರೆದರು, ಒಂದು ಕ್ಷಣ ನಿಂತು, ಅದನ್ನು ಹೊಡೆದು ಚಂದ್ರಬಂಡ ಎಂದು ಬರೆದರು.

ಜುಲೈ 14, ಸೋಮವಾರ

ಬೆಳಗಿನ ಬಸ್ ಇವತ್ತಿನಿಂದ ಒಂದು ತಿಂಗಳು ಪರೀಕ್ಷೆಗೆಂದು ಊರಿನಲ್ಲಿ ನಿಲ್ಲುತ್ತದೆ. ನೋಡಲು ಹೋಗಿದ್ದೆ. ಎಂಟು ಗಂಟೆ ಹತ್ತು ನಿಮಿಷಕ್ಕೆ ನಿಂತಿತು. ಐದು ಹುಡುಗಿಯರು ಹತ್ತಿದರು. ಬಸ್ ಕದಲಿದ ಮೇಲೆ ಒಬ್ಬಳು ಚೀಲ ಹಿಡಿದು ಓಡಿ ಬಂದಳು, ಕಂಡಕ್ಟರ್ ಗಂಟೆ ಹೊಡೆದು ನಿಲ್ಲಿಸಿದ. ತನ್ನದನ್ನು ತೆಗೆಯಿರಿ ಎಂದಿದ್ದ ಇಬ್ಬರಲ್ಲಿ ಒಬ್ಬಳು.

ನಾನು ಕೆಳಗೆ ನಿಂತಿದ್ದ ಕಡೆಯ ಕಿಟಕಿಯ ಸೀಟಿನಲ್ಲೇ ಕೂತಳು. ಮಾತಾಡಿಸಬೇಕೋ ಬೇಡವೋ ಗೊತ್ತಾಗಲಿಲ್ಲ. ಅವಳೇ ಕಿಟಕಿಯಿಂದ ಬಾಗಿ ಕೇಳಿದಳು, “ಅಕ್ಕಾ, ಆ ಡಬ್ಬಿಯಾಗ ನನಗೂ ಒಂದ ಹೆಸರು ಮಾಡಿ ಕೊಡ್ತೀಯೇನು?”

“ಏನಂತ ಇಡಲಿ?” ಅಂದೆ.

ಬಸ್ ಹೊರಟಿತು. ಯೋಚಿಸಿ ಹೇಳ್ತೀನಿ ಎನ್ನುವಂತೆ ಅವಳು ಕೈ ಮಾಡಿದಳು.